ಕ್ರಯವೂ ಅಲ್ಲ, ಭೋಗ್ಯವೂ ಅಲ್ಲ: ದುಡ್ಡು ಕೊಟ್ಟು ಕೊಂಡ ಗೇಮ್ ಯಾರದ್ದು?

ದುಡ್ಡು ಕೊಟ್ಟು ಕೊಂಡ ಗೇಮನ್ನು ಕಂಪನಿ ಮುಂದೊಂದು ದಿನ ಆಡಲಾಗದಂತೆ ಮಾಡಬಾರದು ಎಂದು ಯುರೋಪಿನಲ್ಲಿ ವಿಡಿಯೋ ಗೇಮ್ ಆಡುವವರು ಒಂದು ವರ್ಷ ಸಹಿ ಸಂಗ್ರಹ ಮಾಡಿದರು. 2025ರ ಜುಲೈ 31ಕ್ಕೆ ಗಡುವು ಮುಗಿದಾಗ 14 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದಿದ್ದವು. ಅಲ್ಲಿನ ನಿಯಮದ ಪ್ರಕಾರ 10 ಲಕ್ಷ ಸಹಿ ದಾಟಿದರೆ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಆ ಬೇಡಿಕೆಯನ್ನು ಕೇಳಿಸಿಕೊಂಡು ಲಿಖಿತ ಉತ್ತರ ಕೊಡಲೇಬೇಕು. ಬ್ರಿಟನ್ನಿನಲ್ಲಿ ಇದೇ ಬೇಡಿಕೆಗೆ 1 ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿ, 2025ರ ನವೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲೂ ಚರ್ಚೆ ಆಯಿತು.

ಈ ಚಳವಳಿಯ ಹೆಸರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್'. ಗೇಮ್‌ಗಳನ್ನು ಕೊಲ್ಲಬೇಡಿ ಅಂತ ಅರ್ಥ. ಸುದ್ದಿ ಓದಿದವರಲ್ಲಿ ಗೊಂದಲವೇ ಜಾಸ್ತಿ. ಕಂಪನಿಗಳು ಸರ್ವರ್‌ಗಳನ್ನು (ಇಂಟರ್‌ನೆಟ್ ಮೂಲಕ ಗೇಮ್ ನಡೆಸುವ ಕಂಪನಿಯ ಕಂಪ್ಯೂಟರುಗಳನ್ನು) ಕೊನೆಯಿಲ್ಲದೆ ಓಡಿಸುತ್ತಲೇ ಇರಬೇಕು ಎಂದು ಕೇಳುತ್ತಿದ್ದಾರೆ ಅಂದುಕೊಂಡವರಿದ್ದಾರೆ. ಮಕ್ಕಳಾಟಕ್ಕೆಲ್ಲ ಕಾನೂನು ಯಾಕೆ ಎಂದು ಕೇಳುವವರಿದ್ದಾರೆ. ತಮ್ಮ ಅಕೌಂಟಿನಲ್ಲಿರುವ ಗೇಮ್‌ಗಳೆಲ್ಲ ನಾಳೆಯೇ ಹೋಗಿಬಿಡುತ್ತವೇನೋ ಎಂದು ಹೆದರಿದವರೂ ಇದ್ದಾರೆ. ಮೂರೂ ಸರಿಯಲ್ಲ. ಆದರೆ ಇದರ ಹಿಂದಿರುವ ಪ್ರಶ್ನೆ ಮಾತ್ರ ದೊಡ್ಡದು. ಇ-ಪುಸ್ತಕ ಕೊಂಡವರಿಗೂ ಸ್ಮಾರ್ಟ್ ಸಾಧನ ಮನೆಗೆ ತಂದವರಿಗೂ ಅದು ಅನ್ವಯಿಸುತ್ತದೆ.

ಒಂದು ಕಾರ್ ಗೇಮ್‌ನಿಂದ ಶುರುವಾದ ಜಗಳ

ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ 'ದಿ ಕ್ರೂ' ಎಂಬ ಕಾರ್ ರೇಸಿಂಗ್ ಗೇಮ್ ಬಿಟ್ಟಿತು. ಅಮೆರಿಕದ ಉದ್ದಗಲ ಕಾರು ಓಡಿಸುವ ಆಟ. ಬೇರೆಯವರ ಜೊತೆ ಸೇರಿ ಆಡಬಹುದು, ಒಬ್ಬರೇ ಕೂತು ಕಥೆ ಮುಗಿಸಲೂಬಹುದು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರ್‌ಗೆ ಸಂಪರ್ಕ ಇರಲೇಬೇಕಿತ್ತು. ಗೇಮ್ ಹಾಗೆಯೇ ಕಟ್ಟಲಾಗಿತ್ತು.

2023ರ ಡಿಸೆಂಬರ್‌ನಲ್ಲಿ ಕಂಪನಿ ಇದರ ಮಾರಾಟ ನಿಲ್ಲಿಸಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿತು. ಅಂದಿನಿಂದ ಡಿಸ್ಕ್ ಕೊಂಡವರ ಡಿಸ್ಕೂ ಓಡಲಿಲ್ಲ, ಡೌನ್‌ಲೋಡ್ ಮಾಡಿದವರದ್ದೂ ಓಡಲಿಲ್ಲ. ಇದಾದ ಕೆಲವೇ ದಿನಕ್ಕೆ ಆಟಗಾರರ ಅಕೌಂಟುಗಳಿಂದ ಅದರ ಲೈಸೆನ್ಸ್ ಅನ್ನೂ, ಅಂದರೆ ಆಡುವ ಅನುಮತಿಯನ್ನೂ, ಹಿಂದಕ್ಕೆ ಪಡೆಯಲಾಯಿತು.

ಆನ್‌ಲೈನ್ ಗೇಮ್‌ಗಳು ಮುಚ್ಚಿಹೋಗುವುದು ಹೊಸದೇನಲ್ಲ. ಜನ ಸಿಟ್ಟಾಗಿದ್ದು ಬೇರೆ ಕಾರಣಕ್ಕೆ. ಪೂರ್ತಿ ಬೆಲೆ ತೆಗೆದುಕೊಂಡಿದ್ದಾರೆ. ಒಬ್ಬರೇ ಆಡಬಹುದಾದ ಆಟ. ಕೊಳ್ಳುವಾಗ ಯಾವ ದಿನದವರೆಗೆ ಓಡುತ್ತದೆ ಎಂದು ಯಾರೂ ಹೇಳಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಇದನ್ನೇ ಹಿಡಿದುಕೊಂಡು ಚಳವಳಿ ಆರಂಭಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಕೋರ್ಟಿಗೂ ಹೋದರು. ಕಂಪನಿ ಅಲ್ಲಿ ಕೊಟ್ಟ ಉತ್ತರದ ಸಾರ ಇಷ್ಟೇ: ನೀವು ಕೊಂಡಿದ್ದು ಗೇಮ್ ಅಲ್ಲ, ಅದನ್ನು ಆಡಲು ಸೀಮಿತ ಅನುಮತಿ.

ನಾಲ್ಕು ಬೇರೆ ಸಂಗತಿ, ಒಂದೇ ಗಲಾಟೆ

'ಗೇಮ್ ತೆಗೆದುಬಿಟ್ಟರಂತೆ' ಎಂಬ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಸಂಗತಿಗಳು ಕಲಸಿಹೋಗಿವೆ. ಬಿಡಿಸಿ ನೋಡದಿದ್ದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದೇ ತಿಳಿಯುವುದಿಲ್ಲ.

ಒಂದು, ಮಾರಾಟ ನಿಲ್ಲುವುದು. ಕಾರ್ ಗೇಮ್‌ಗಳಲ್ಲಿ ಇದು ಮಾಮೂಲು, ಯಾಕೆಂದರೆ ನಿಜವಾದ ಕಾರು ಕಂಪನಿಗಳ ಹೆಸರು ಮತ್ತು ಹಾಡುಗಳನ್ನು ಬಳಸಲು ಮಾಡಿಕೊಂಡ ಒಪ್ಪಂದಗಳಿಗೆ ಅವಧಿ ಇರುತ್ತದೆ. 'ಫೋರ್ಜಾ ಹೊರೈಜನ್ 4' 2024ರ ಡಿಸೆಂಬರ್‌ನಲ್ಲಿ ಅಂಗಡಿಯಿಂದ ಇಳಿಯಿತು. ಆದರೆ ಮೊದಲೇ ಕೊಂಡಿದ್ದವರು ಆಡುತ್ತಲೇ ಇದ್ದಾರೆ. ಇದರಲ್ಲಿ ಮೋಸವಿಲ್ಲ. ಪುಸ್ತಕದ ಹೊಸ ಮುದ್ರಣ ಬರುವುದಿಲ್ಲ ಅಂದರೆ ಮನೆಯ ಕಪಾಟಿನಲ್ಲಿರುವ ಪ್ರತಿ ಮಾಯ ಆಗುವುದಿಲ್ಲ, ಅಲ್ವಾ?

ಎರಡನೆಯದು ಅಂಗಡಿಯೇ ಮುಚ್ಚುವುದು. ನಿಂಟೆಂಡೊ 2023ರ ಮಾರ್ಚ್‌ನಲ್ಲಿ 3ಡಿಎಸ್ ಮತ್ತು ವೀ ಯು ಎಂಬ ತನ್ನ ಗೇಮ್ ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಡೌನ್‌ಲೋಡ್‌ನಲ್ಲಿ ಮಾತ್ರ ಸಿಗುತ್ತಿದ್ದ ಗೇಮ್‌ಗಳನ್ನು ಹೊಸಬರು ಕೊಳ್ಳುವ ದಾರಿಯೇ ಇಲ್ಲವಾಯಿತು. ಮೂರನೆಯದು ಸರ್ವರ್ ನಿಂತು ಆಟವೇ ಸಾಯುವುದು. ದಿ ಕ್ರೂಗೆ ಆಗಿದ್ದು ಇದು. ನಾಲ್ಕನೆಯದು ನಿಮ್ಮ ಅಕೌಂಟ್ ಬಂದ್ ಆಗುವುದು. ಆಗ ಗೇಮ್ ಲೋಕದಲ್ಲಿ ಇರುತ್ತದೆ, ನಿಮಗೆ ಮಾತ್ರ ಇರುವುದಿಲ್ಲ.

ಯುರೋಪಿನ ಅರ್ಜಿ ಕೈ ಹಾಕಿರುವುದು ಮೂರನೆಯದಕ್ಕೆ ಮಾತ್ರ. ಅದರಲ್ಲೂ ಬಹಳ ಮಿತವಾಗಿ. ಕಂಪನಿ ಸರ್ವರ್ ಓಡಿಸುತ್ತಲೇ ಇರಲಿ ಎಂದು ಅದು ಕೇಳುವುದಿಲ್ಲ. ಗೇಮ್‌ನ ಹಕ್ಕುಸ್ವಾಮ್ಯ ಕೊಡಿ ಎಂದೂ ಕೇಳುವುದಿಲ್ಲ. ನಿಮ್ಮ ಬೆಂಬಲ ನಿಲ್ಲಿಸುವ ದಿನ, ನಾವು ದುಡ್ಡು ಕೊಟ್ಟ ವಸ್ತುವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎನ್ನುವುದಷ್ಟೇ ಬೇಡಿಕೆ.

ಕ್ರಯ, ಭೋಗ್ಯ, ಬಾಡಿಗೆ

ಮನೆ ವಿಷಯದಲ್ಲಿ ನಮಗೆ ಮೂರು ವ್ಯವಹಾರ ಚೆನ್ನಾಗಿ ಗೊತ್ತು. ಕ್ರಯಕ್ಕೆ ತೆಗೆದುಕೊಂಡರೆ ಪೂರ್ತಿ ದುಡ್ಡು ಕೊಡುತ್ತೇವೆ, ಮನೆ ನಮ್ಮದಾಗುತ್ತದೆ. ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಬಾಡಿಗೆಗೆ ತೆಗೆದುಕೊಂಡರೆ ತಿಂಗಳು ತಿಂಗಳು ಕೊಡುತ್ತೇವೆ, ಬಿಟ್ಟ ದಿನ ಕೊಡುವುದೂ ನಿಲ್ಲುತ್ತದೆ. ಭೋಗ್ಯಕ್ಕೆ ಹಾಕಿಕೊಂಡರೆ ಒಟ್ಟಿಗೆ ದೊಡ್ಡ ಮೊತ್ತ ಕೊಡುತ್ತೇವೆ. ಕರಾರು ಪತ್ರದಲ್ಲಿ ಮೂರು ವರ್ಷ, ಐದು ವರ್ಷ ಎಂದು ಅವಧಿ ಇರುತ್ತದೆ. ಅವಧಿ ಮುಗಿದ ಮೇಲೆ ಮನೆ ಖಾಲಿ ಮಾಡುತ್ತೇವೆ, ಕೊಟ್ಟ ದುಡ್ಡು ವಾಪಸ್ ಬರುತ್ತದೆ.

ಮೂರರಲ್ಲೂ ಕೊಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ಒಂದು ಲೆಕ್ಕ ಇದೆ. ಈಗ ಡಿಜಿಟಲ್ ಗೇಮ್ ನೋಡಿ. ಒಟ್ಟಿಗೆ ಮೂರು-ನಾಲ್ಕು ಸಾವಿರ ರೂಪಾಯಿ ಕೊಡುತ್ತೇವೆ, ಕ್ರಯದ ಹಾಗೆ. ಮಾರುವಂತಿಲ್ಲ, ಬಾಡಿಗೆ ಮನೆಯ ಹಾಗೆ. ಖಾಲಿ ಮಾಡಿ ಎಂದಾಗ ಮಾಡಬೇಕು, ಭೋಗ್ಯದ ಹಾಗೆ. ಆದರೆ ಕರಾರಿನಲ್ಲಿ ಅವಧಿ ಇಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಮೂರು ವ್ಯವಹಾರಗಳಲ್ಲಿ ಕೊಡುವವನಿಗೆ ಅನುಕೂಲವಾದ ಭಾಗಗಳೆಲ್ಲ ಇಲ್ಲಿ ಒಟ್ಟುಗೂಡಿವೆ. ಕೊಳ್ಳುವವನ ಕಡೆಯ ಭಾಗಗಳು ಬಿಟ್ಟುಹೋಗಿವೆ. ಜನರ ಸಿಟ್ಟಿನ ಬೇರು ಇರುವುದು ಇಲ್ಲಿ.

ನೆಟ್‌ಫ್ಲಿಕ್ಸ್ ತರಹದ ಚಂದಾದ ಬಗ್ಗೆ ಯಾಕೆ ಇಷ್ಟು ತಕರಾರಿಲ್ಲ? ಅದು ಬಾಡಿಗೆ ಎಂದು ಎಲ್ಲರಿಗೂ ಗೊತ್ತು. ತಿಂಗಳ ದುಡ್ಡು ನಿಲ್ಲಿಸಿದರೆ ಸಿನಿಮಾ ಹೋಗುತ್ತದೆ, ಅಷ್ಟೇ. ಲೈಸೆನ್ಸ್ ಎಂಬ ಪದ್ಧತಿಯೇ ಕೆಟ್ಟದ್ದು ಅಂತ ಇಲ್ಲ. ಲೈಸೆನ್ಸ್ ಕೊಡುತ್ತಾ ಬಟನ್ ಮೇಲೆ 'ಖರೀದಿಸಿ' ಎಂದು ಬರೆಯುವುದು ಕೆಟ್ಟದ್ದು.

ಕ್ಯಾಲಿಫೋರ್ನಿಯಾ ರಾಜ್ಯ ಈ ಬಟನ್ ಮೇಲೆಯೇ ಕಾನೂನು ಮಾಡಿತು. ಅಲ್ಲಿ 2025ರ ಜನವರಿ 1ರಿಂದ, ಡಿಜಿಟಲ್ ವಸ್ತು ಮಾರುವಾಗ 'ಖರೀದಿ' ಎಂಬ ಪದ ಬಳಸಬೇಕಾದರೆ ಇದು ಲೈಸೆನ್ಸ್ ಮಾತ್ರ ಎಂದು ಎದ್ದು ಕಾಣುವಂತೆ ತಿಳಿಸಬೇಕು. ಚಂದಾ ಸೇವೆಗೆ ಇದು ಅನ್ವಯಿಸುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ಮಾರಿದವರೂ ಕಿತ್ತುಕೊಳ್ಳಲಾಗದ ಫೈಲ್‌ಗಳಿಗೂ ಅನ್ವಯಿಸುವುದಿಲ್ಲ. ಕಾನೂನು ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಪಿಸಿ ಗೇಮ್‌ಗಳ ದೊಡ್ಡ ಅಂಗಡಿ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲಿ ಒಂದು ಸಾಲು ಸೇರಿಸಿತು: ನಿಮಗೆ ಸಿಗುವುದು ಲೈಸೆನ್ಸ್. ಹಲವರು ಇದನ್ನು ಹೊಸ ನಿಯಮ ಎಂದು ತಿಳಿದರು. ನಿಯಮ ಹಳೆಯದೇ. ಹಲವು ಪುಟಗಳ ಕರಾರಿನೊಳಗೆ ಮುಚ್ಚಿಕೊಂಡಿದ್ದದ್ದು ಹೊರಗೆ ಬಂತು. ಸ್ಟೀಮ್ ಅಕೌಂಟನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎನ್ನುವುದೂ ಅದೇ ಕರಾರಿನಲ್ಲಿದೆ. ಅಂದರೆ ಇಪ್ಪತ್ತು ವರ್ಷ ಕೂಡಿಟ್ಟ ಗೇಮ್‌ಗಳನ್ನು ಮಗಳಿಗೆ ವಿಲ್ ಬರೆದು ಕೊಡಲಾಗುವುದಿಲ್ಲ.

ಡಿಸ್ಕ್ ಇದ್ದರೆ ಸಾಕಾ?

ಡಿಸ್ಕ್ ಕೊಂಡರೆ ಈ ತಲೆನೋವೇ ಇಲ್ಲ ಎನ್ನುವವರು ಇದ್ದಾರೆ. ಅರ್ಧ ಸರಿ. ಹಳೇ ಡಿಸ್ಕನ್ನು ಸೆಕೆಂಡ್ ಹ್ಯಾಂಡ್ ಮಾರಬಹುದು, ಗೆಳೆಯರಿಗೆ ಕೊಡಬಹುದು. ಆದರೆ ದಿ ಕ್ರೂ ಡಿಸ್ಕಿನ ಗತಿ ಏನಾಯಿತು ನೋಡಿದೆವಲ್ಲ. ಡಿಸ್ಕಿನಲ್ಲಿ ಗೇಮ್‌ನ ಎಷ್ಟು ಭಾಗ ಇದೆ, ಅದು ಯಾರ ಒಪ್ಪಿಗೆ ಕೇಳುತ್ತದೆ ಎನ್ನುವುದೇ ಮುಖ್ಯ.

2025ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ 2 ಎಂಬ ಗೇಮ್ ಯಂತ್ರ ಬಂದಾಗ ಈ ಗೆರೆ ಇನ್ನೂ ಮಸುಕಾಯಿತು. ಅದರ ಕೆಲವು ಗೇಮ್‌ಗಳು 'ಗೇಮ್-ಕೀ ಕಾರ್ಡ್' ರೂಪದಲ್ಲಿ ಬರುತ್ತವೆ. ಡಬ್ಬಿ ಇರುತ್ತದೆ, ಒಳಗೆ ಕಾರ್ಡ್ ಇರುತ್ತದೆ, ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ. ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಆಡುವಾಗ ಕಾರ್ಡ್ ಸಿಕ್ಕಿಸಿರಲೂ ಬೇಕು. ಒಂದು ಒಳ್ಳೆಯದು, ಕಾರ್ಡನ್ನು ಬೇರೆಯವರಿಗೆ ಮಾರಬಹುದು. ಆದರೆ ಇಳಿಸಿಕೊಳ್ಳುವ ಸರ್ವರ್ ಎಷ್ಟು ವರ್ಷ ಇರುತ್ತದೋ ಅಷ್ಟೇ ಆ ಕಾರ್ಡಿನ ಆಯುಸ್ಸು.

ಪುಸ್ತಕಕ್ಕೂ ಬಂತು, ಥರ್ಮೋಸ್ಟಾಟ್‌ಗೂ ಬಂತು

ಗೇಮ್ ಆಡದವರು ಇಲ್ಲಿಯವರೆಗೆ ಓದಿ, ಇದು ನಮಗಲ್ಲ ಅಂದುಕೊಂಡಿರಬಹುದು. 2009ರ ಜುಲೈನಲ್ಲಿ ಅಮೆಜಾನ್, ಅಮೆರಿಕದ ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಎರಡು ಪ್ರಸಿದ್ಧ ಇಂಗ್ಲಿಷ್ ಕಾದಂಬರಿಗಳನ್ನು ಅವರ ಕಿಂಡಲ್‌ಗಳಿಂದ (ಇ-ಪುಸ್ತಕ ಓದುವ ಸಾಧನ) ದೂರದಿಂದಲೇ ಅಳಿಸಿತು. ಕಾರಣ ಇತ್ತು. ಹಕ್ಕಿಲ್ಲದವರು ಆ ಪ್ರತಿಗಳನ್ನು ಅಂಗಡಿಗೆ ಹಾಕಿದ್ದರು. ದುಡ್ಡು ವಾಪಸ್ ಕೊಟ್ಟರು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಅವೆನ್ಯೂ ರೋಡಿನಲ್ಲಿ ಪುಸ್ತಕ ಕೊಂಡು ಮನೆಗೆ ಬಂದ ಮೇಲೆ ಅಂಗಡಿಯವರು ರಾತ್ರಿ ಒಳಗೆ ಬಂದು ಅದನ್ನು ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಸುಮ್ನೆ ಇರುತ್ತೇವಾ?

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೆಲ್ಲ ತೆರೆಯದಂತಾದವು. ಅವರೂ ದುಡ್ಡು ಮರಳಿಸಿದರು. 2023ರ ಡಿಸೆಂಬರ್‌ನಲ್ಲಿ ಸೋನಿ, ಪ್ಲೇಸ್ಟೇಷನ್‌ನಲ್ಲಿ ಜನ ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ವರ್ಷದ ಕೊನೆಗೆ ತೆಗೆಯುವುದಾಗಿ ಹೇಳಿತು. ಗಲಾಟೆಯಾದ ಮೇಲೆ ಒಪ್ಪಂದ ಬದಲಾಗಿ, ಕನಿಷ್ಠ 30 ತಿಂಗಳು ಇರುತ್ತವೆ ಎಂದಿತು. ಈ 30 ತಿಂಗಳು ಎನ್ನುವ ಮಾತೇ ಎಲ್ಲವನ್ನೂ ಹೇಳುತ್ತದೆ. ಕೊಂಡ ವಸ್ತುವಿಗೆ ತಿಂಗಳ ಲೆಕ್ಕ ಇರುವುದಿಲ್ಲ. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನೂ ತೆಗೆಯಿತು.

ಕೈಯಲ್ಲಿ ಹಿಡಿಯುವ ವಸ್ತುಗಳೂ ಇದೇ ದಾರಿ ಹಿಡಿದಿವೆ. ಮನೆಯ ದೀಪ, ಬಾಗಿಲುಗಳನ್ನು ನಿಯಂತ್ರಿಸುವ ರಿವಾಲ್ವ್ ಎಂಬ 300 ಡಾಲರ್‌ನ ಸಾಧನ 2016ರಲ್ಲಿ ಸರ್ವರ್ ನಿಂತಾಗ ಬರೀ ಡಬ್ಬಿಯಾಯಿತು. ಕಾರಿನಲ್ಲಿ ಹಾಡು ಕೇಳಲು ಸ್ಪಾಟಿಫೈ ಮಾರಿದ 'ಕಾರ್ ಥಿಂಗ್' 2024ರ ಡಿಸೆಂಬರ್ 9ಕ್ಕೆ ಕೆಲಸ ನಿಲ್ಲಿಸಿತು. 2025ರ ಅಕ್ಟೋಬರ್‌ನಲ್ಲಿ ಗೂಗಲ್, ಹಳೆಯ ನೆಸ್ಟ್ ಥರ್ಮೋಸ್ಟಾಟ್‌ಗಳ (ಮನೆಯ ಉಷ್ಣತೆ ನಿಯಂತ್ರಿಸುವ ಸಾಧನ) ಆ್ಯಪ್ ಸಂಪರ್ಕ ಕಡಿಯಿತು. ಒಂದು ವ್ಯತ್ಯಾಸ ಗಮನಿಸಿ: ಆ ಥರ್ಮೋಸ್ಟಾಟ್ ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತದೆ. ಗೇಮ್ ಆಡುವವರು ಕೇಳುತ್ತಿರುವುದೂ ಇಷ್ಟನ್ನೇ. ಆ್ಯಪ್ ಹೋಗಲಿ, ಗುಬುಟು ತಿರುಗಲಿ.

ಕಂಪನಿಗಳು ಏನು ಹೇಳುತ್ತವೆ

ಯುರೋಪಿನ ಗೇಮ್ ಕಂಪನಿಗಳ ಸಂಘ 'ವಿಡಿಯೋ ಗೇಮ್ಸ್ ಯುರೋಪ್' 2025ರ ಜುಲೈನಲ್ಲಿ ತನ್ನ ನಿಲುವು ಹೇಳಿತು. ಅದರ ಮಾತುಗಳನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಮೊದಲನೆಯದು ವ್ಯಾಪಾರದ ಮಾತು. ಆಡುವವರು ಕಡಿಮೆಯಾದಾಗ ಸೇವೆ ನಿಲ್ಲಿಸುವ ಸ್ವಾತಂತ್ರ್ಯ ಕಂಪನಿಗೆ ಇರಬೇಕು ಎಂಬುದು. ಎರಡನೆಯದು ಸುರಕ್ಷತೆ. ಸರ್ವರ್ ಅನ್ನು ಅಭಿಮಾನಿಗಳ ಕೈಗೆ ಕೊಟ್ಟರೆ, ಆಟಗಾರರ ಮಾಹಿತಿ ಕಾಯುವವರು ಯಾರು, ಅಸಭ್ಯ ಮತ್ತು ಕಾನೂನುಬಾಹಿರ ಸಂಗತಿಗಳನ್ನು ತೆಗೆಯುವವರು ಯಾರು, ಏನಾದರೂ ಆದರೆ ಹೊಣೆ ಯಾರದ್ದು? ಮೂರನೆಯದು ರಚನೆಯ ತೊಂದರೆ. ಎಷ್ಟೋ ಗೇಮ್‌ಗಳು ಬುನಾದಿಯಿಂದಲೇ ಆನ್‌ಲೈನ್‌ಗಾಗಿ ಕಟ್ಟಿದವು. ಅವನ್ನು ಬೇರೆ ಮಾಡಲು ಹೋದರೆ ಖರ್ಚು ವಿಪರೀತ.

ಈ ಮೂರನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇಂದಿನ ದೊಡ್ಡ ಗೇಮ್‌ನ ಸರ್ವರ್ ಅಂದರೆ ಒಂದು ಕಂಪ್ಯೂಟರ್ ಅಲ್ಲ. ಲಾಗಿನ್ ನೋಡಿಕೊಳ್ಳುವ ಭಾಗ ಒಂದು, ಸರಿಸಮ ಆಟಗಾರರನ್ನು ಜೋಡಿಸುವ ಭಾಗ ಇನ್ನೊಂದು, ಕಳ್ಳಾಟ ಹಿಡಿಯುವುದು, ಗಳಿಸಿದ್ದನ್ನು ಉಳಿಸಿಡುವುದು, ಹೀಗೆ ಹತ್ತಾರು ಭಾಗಗಳು. ಅದರಲ್ಲಿ ಕೆಲವು ಬೇರೆ ಕಂಪನಿಗಳಿಂದ ಲೈಸೆನ್ಸ್ ಪಡೆದವು. ಅವುಗಳನ್ನು ಯಾರಿಗೆ ಬೇಕೋ ಅವರಿಗೆ ಹಂಚುವ ಹಕ್ಕು ಗೇಮ್ ಕಂಪನಿಗೇ ಇರುವುದಿಲ್ಲ. ಅಂದರೆ ಗೇಮ್ ಮಾಡಿದವರೂ ಯಾರದ್ದೋ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಹಳೇ ಗೇಮ್‌ಗಳನ್ನು ಈಗ ತಿದ್ದಿ ಎಂದರೆ ಕಷ್ಟ ಎನ್ನುವುದು ನಿಜ. ಚಳವಳಿಯವರು ಇದನ್ನು ಒಪ್ಪಿಕೊಂಡೇ, ನಿಯಮ ಬಂದರೆ ಮುಂದಿನ ಗೇಮ್‌ಗಳಿಗೆ ಬರಲಿ ಎನ್ನುತ್ತಾರೆ.

ಆಗುವುದೇ ಇಲ್ಲ ಎನ್ನುವ ಮಾತು ಎಷ್ಟು ನಿಜ?

ಆಗಿದೆ. ಒಂದಲ್ಲ, ಹಲವು ಸಲ ಆಗಿದೆ.

'ನಾಕೌಟ್ ಸಿಟಿ' ಎಂಬ ಗೇಮ್ 2023ರ ಜೂನ್‌ನಲ್ಲಿ ಮುಚ್ಚಿದಾಗ, ಅದನ್ನು ಮಾಡಿದ ಸಣ್ಣ ಸ್ಟುಡಿಯೋ ಆಟಗಾರರೇ ಸರ್ವರ್ ನಡೆಸಬಹುದಾದ ಆವೃತ್ತಿಯನ್ನು ಉಚಿತವಾಗಿ ಕೊಟ್ಟು ಹೋಯಿತು. ಸೋನಿಯ 'ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್' ಕೂಡ ದಿ ಕ್ರೂ ತರಹವೇ ಸರ್ವರ್ ಮೇಲೆ ನಿಂತ ಕಾರ್ ಗೇಮ್. 2024ರ ಜನವರಿ 31ಕ್ಕೆ ಅದರ ಸರ್ವರ್ ನಿಲ್ಲಿಸುವ ಮೊದಲು, ಆಫ್‌ಲೈನ್‌ನಲ್ಲೂ ಆಟ ಉಳಿಯುವಂತೆ ಅಪ್‌ಡೇಟ್ ಕೊಟ್ಟರು. 2012ರಲ್ಲಿ ಮುಚ್ಚಿಹೋಗಿದ್ದ 'ಸಿಟಿ ಆಫ್ ಹೀರೋಸ್' ಅನ್ನು ಅಭಿಮಾನಿಗಳ ಗುಂಪು ನಡೆಸಲು ಅದರ ಹಕ್ಕುದಾರ ಕಂಪನಿ 2024ರಲ್ಲಿ ಅಧಿಕೃತವಾಗಿ ಲೈಸೆನ್ಸ್ ಕೊಟ್ಟಿತು.

ದಿ ಕ್ರೂ ವಿಷಯದಲ್ಲೇ ನೋಡಿ. ಸಂಬಳವಿಲ್ಲದ ಅಭಿಮಾನಿಗಳ ಗುಂಪೊಂದು ಗೇಮ್ ಮತ್ತು ಸರ್ವರ್ ನಡುವೆ ನಡೆಯುವ ಮಾತುಕತೆಯನ್ನು ಬಿಡಿಸಿ, ಕಂಪನಿಯ ಕೋಡ್ ಇಲ್ಲದೆಯೇ ಬದಲಿ ಸರ್ವರ್ ಬರೆದು 2025ರ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ಜೀವ ಕೊಟ್ಟಿತು. ಹೊರಗಿನವರು ಬಿಡುವಿನ ಹೊತ್ತಿನಲ್ಲಿ ಮಾಡಿದ್ದನ್ನು, ಮೂಲ ಕೋಡ್ ಕೈಯಲ್ಲಿದ್ದವರು ಮಾಡಲಾಗದು ಎನ್ನುವುದು ಒಪ್ಪುವ ಮಾತಲ್ಲ. ಯೂಬಿಸಾಫ್ಟ್ ಕೂಡ ಟೀಕೆಯ ನಂತರ ಇದರ ಮುಂದಿನ ಗೇಮ್ 'ದಿ ಕ್ರೂ 2'ಗೆ ಆಫ್‌ಲೈನ್ ವ್ಯವಸ್ಥೆ ಮಾಡಿಕೊಟ್ಟಿತು.

ದುಡ್ಡು ವಾಪಸ್ ಕೊಡುವ ದಾರಿಯೂ ಇದೆ. ಸೋನಿಯ 'ಕಾನ್‌ಕಾರ್ಡ್' 2024ರ ಆಗಸ್ಟ್ 23ಕ್ಕೆ ಬಂದು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎಲ್ಲರಿಗೂ ಪೂರ್ತಿ ದುಡ್ಡು ಮರಳಿತು. ಗೇಮ್ ಸೋತರೂ ಯಾರೂ ಮೋಸ ಹೋದೆವು ಅನ್ನಲಿಲ್ಲ. ಭೋಗ್ಯದ ಲೆಕ್ಕ ಅಂದರೆ ಇದೇ.

ಒಂದು ಕಡೆ ಮಾತ್ರ ಕಂಪನಿಗಳ ವಾದಕ್ಕೆ ತೂಕ ಇದೆ. ಸಾವಿರಾರು ಜನ ಒಟ್ಟಿಗೆ ಒಂದೇ ಲೋಕದಲ್ಲಿ ಆಡುವ ಗೇಮ್‌ಗಳಿಗೆ 'ಆಡುವ ಸ್ಥಿತಿ' ಅಂದರೆ ಏನು ಎಂದು ಗೆರೆ ಎಳೆಯುವುದು ಸುಲಭವಲ್ಲ. ಅರ್ಜಿಯಲ್ಲೂ ಆ ಗೆರೆ ಸ್ಪಷ್ಟವಾಗಿಲ್ಲ. ಕಾನೂನು ಬರೆಯುವವರು ಇಲ್ಲಿ ಎಡವಿದರೆ ಸಣ್ಣ ಸ್ಟುಡಿಯೋಗಳಿಗೆ ಪೆಟ್ಟು ಬೀಳುತ್ತದೆ.

ಕೋರ್ಟುಗಳ ಎರಡು ದಾರಿ

2012ರಲ್ಲಿ ಯುರೋಪಿಯನ್ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ ಒಂದು ದೊಡ್ಡ ತೀರ್ಪು ಕೊಟ್ಟಿತು. ಒಟ್ಟಿಗೆ ಬೆಲೆ ಪಡೆದು, ಅವಧಿಯ ಮಿತಿಯಿಲ್ಲದೆ ಸಾಫ್ಟ್‌ವೇರ್ ಕೊಟ್ಟರೆ ಅದು ಮಾರಾಟವೇ, ಲೈಸೆನ್ಸ್ ಎಂದು ಕರೆದ ಮಾತ್ರಕ್ಕೆ ಬದಲಾಗುವುದಿಲ್ಲ ಎಂದಿತು. ಕ್ರಯಪತ್ರದ ತರ್ಕವೇ ಅದು. ಆದರೆ 2019ರಲ್ಲಿ ಅದೇ ಕೋರ್ಟ್, ಇ-ಪುಸ್ತಕಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಸೆಕೆಂಡ್ ಹ್ಯಾಂಡ್ ಮಾರುವಂತಿಲ್ಲ ಎಂದಿತು. ಪ್ಯಾರಿಸ್ಸಿನಲ್ಲಿ ಸ್ಟೀಮ್ ಗೇಮ್‌ಗಳನ್ನು ಮರುಮಾರಾಟ ಮಾಡಬಹುದು ಎಂದು ಕೆಳ ಕೋರ್ಟ್ 2019ರಲ್ಲಿ ಹೇಳಿತು, ಮೇಲ್ಮನವಿ ಕೋರ್ಟ್ 2022ರಲ್ಲಿ ಅದನ್ನು ತಿರುಗಿಸಿತು. ಗೇಮ್ ಬರೀ ಸಾಫ್ಟ್‌ವೇರ್ ಅಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಸೇರಿದ ಕೃತಿ ಎನ್ನುವುದು ಅದರ ಕಾರಣ. ಹೀಗೆ ಆಫೀಸಿನ ಸಾಫ್ಟ್‌ವೇರ್ ಕೊಂಡವರಿಗೆ ಇರುವ ಹಕ್ಕು ಗೇಮ್ ಕೊಂಡವರಿಗೆ ಇಲ್ಲವಾಯಿತು.

ನಮ್ಮ ಕಾನೂನಿನಲ್ಲಿ ಏನಿದೆ

ನಮ್ಮಲ್ಲೂ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಆದರೆ ತೆರಿಗೆಯ ಬಾಗಿಲಿನಿಂದ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿ ಅಮೆರಿಕದಿಂದ ಸಾಫ್ಟ್‌ವೇರ್ ತರಿಸಿಕೊಂಡಿತ್ತು. ಆ ದುಡ್ಡು ಹಕ್ಕುಸ್ವಾಮ್ಯಕ್ಕೆ ಕೊಟ್ಟ ರಾಯಲ್ಟಿ, ಆದ್ದರಿಂದ ತೆರಿಗೆ ಮುರಿದುಕೊಳ್ಳಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ಹೇಳಿತು. ಕರ್ನಾಟಕ ಹೈಕೋರ್ಟ್ 2011ರಲ್ಲಿ ಇಲಾಖೆಯ ಪರ ನಿಂತಿತು. ಹತ್ತು ವರ್ಷ ಕಳೆದು, 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬಳಕೆದಾರನಿಗೆ ಹೋಗಿದ್ದು ಹಕ್ಕುಸ್ವಾಮ್ಯ ಅಲ್ಲ, ಸಾಫ್ಟ್‌ವೇರಿನ ಒಂದು ಪ್ರತಿ; ಇದು ಸರಕಿನ ಮಾರಾಟ ಎಂದಿತು. 2004ರಲ್ಲೂ ಟಿಸಿಎಸ್ ಮತ್ತು ಆಂಧ್ರಪ್ರದೇಶದ ನಡುವಿನ ಮಾರಾಟ ತೆರಿಗೆ ಕೇಸಿನಲ್ಲಿ, ಡಿಸ್ಕಿನಲ್ಲಿ ಬರುವ ಸಾಫ್ಟ್‌ವೇರ್ ಸರಕೇ ಎಂದು ಅದೇ ಕೋರ್ಟ್ ಹೇಳಿತ್ತು.

ಇವು ತೆರಿಗೆ ತೀರ್ಪುಗಳು. ಗೇಮ್ ಕೊಂಡವರ ಹಕ್ಕನ್ನು ನೇರವಾಗಿ ತೀರ್ಮಾನಿಸುವುದಿಲ್ಲ. ಆದರೂ ಒಂದು ಅಂಶ ಉಳಿಯುತ್ತದೆ. ತೆರಿಗೆ ಕಟ್ಟುವಾಗ ಸಾಫ್ಟ್‌ವೇರ್ ಸರಕು, ಬಳಕೆದಾರ ದೂರು ಕೊಟ್ಟಾಗ ಬರೀ ಅನುಮತಿ ಎನ್ನುವುದು ಹೊಂದಾಣಿಕೆಯ ಮಾತಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇನ್ನೂ ಹತ್ತಿರದ ದಾರಿ ಇದೆ. ಅದರಲ್ಲಿ 'ಅನ್ಯಾಯದ ಕರಾರು' ಎಂಬ ಹೊಸ ಕಲ್ಪನೆ ಬಂತು. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯಬಹುದು ಎನ್ನುವ ಷರತ್ತು ಅದರ ಉದಾಹರಣೆಗಳಲ್ಲಿ ಒಂದು. ಗೇಮ್ ಅಂಗಡಿಗಳ ಕರಾರುಗಳಲ್ಲಿ ಇಂಥ ಷರತ್ತು ಹುಡುಕಲು ಕಷ್ಟಪಡಬೇಕಿಲ್ಲ. ತೊಡಕು ಇರುವುದು ಬೇರೆ ಕಡೆ. ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಗ್ರಾಹಕ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಮೂರು ಸಾವಿರದ ಗೇಮ್ ಕಳೆದುಕೊಂಡ ರಾಯಚೂರಿನ ಹುಡುಗನೊಬ್ಬ ವಿದೇಶಿ ಕಂಪನಿಯ ಮೇಲೆ ರಾಜ್ಯ ಆಯೋಗದಲ್ಲಿ ಕೇಸು ನಡೆಸಬೇಕು. ನಡೆಸುತ್ತಾನಾ? ಹಕ್ಕು ಕಾಗದದ ಮೇಲಿದೆ, ಅದನ್ನು ಬಳಸುವ ಖರ್ಚು ಕಳೆದುಕೊಂಡದ್ದಕ್ಕಿಂತ ಜಾಸ್ತಿ.

ನಮ್ಮಲ್ಲಿ ಆಡುವವರು ಬಹುಪಾಲು ಮೊಬೈಲಿನಲ್ಲಿ ಆಡುತ್ತಾರೆ. ಗೇಮ್ ಉಚಿತ, ದುಡ್ಡು ಹೋಗುವುದು ಒಳಗಿನ ಬಟ್ಟೆ, ಬಂದೂಕಿನ ಬಣ್ಣಗಳಿಗೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ ಇಂಥವನ್ನೆಲ್ಲ ಕೊಂಡಿದ್ದವರ ಗತಿ ಏನು ಎಂಬ ಪ್ರಶ್ನೆ ಎದ್ದಿತ್ತು. 2021ರಲ್ಲಿ ಅದರ ಭಾರತದ ಆವೃತ್ತಿ ಬಿಜಿಎಂಐ ಬಂದಾಗ ಹಳೆಯ ಅಕೌಂಟಿನ ಸಾಮಾನುಗಳನ್ನು ವರ್ಗಾಯಿಸಿಕೊಳ್ಳಲು ಕಂಪನಿ ಅವಕಾಶ ಕೊಟ್ಟಿತು. ಕೊಡದಿದ್ದರೆ ಕೇಳುವ ದಾರಿ ಆಟಗಾರರಿಗೆ ಎಲ್ಲಿತ್ತು?

ಮುಂದೇನಾಗಬಹುದು

ಯುರೋಪಿಯನ್ ಕಮಿಷನ್ ಕಾನೂನು ಮಾಡಲೇಬೇಕೆಂದಿಲ್ಲ. ಈಗಿರುವ ಗ್ರಾಹಕ ಕಾನೂನೇ ಸಾಕು ಎಂದು ಹೇಳಿ ಕೈತೊಳೆದುಕೊಳ್ಳಲೂಬಹುದು. ಬ್ರಿಟನ್ ಸರ್ಕಾರ ಹೆಚ್ಚು ಕಡಿಮೆ ಹಾಗೆಯೇ ಹೇಳಿದೆ. ಇನ್ನೊಂದು ಸಾಧ್ಯತೆ, ಯುರೋಪಿನಲ್ಲಿ ಸಿದ್ಧವಾಗುತ್ತಿರುವ ಡಿಜಿಟಲ್ ಫೇರ್‌ನೆಸ್ ಆಕ್ಟ್ ಎಂಬ ಗ್ರಾಹಕ ಕಾನೂನಿನ ಒಳಗೆ ಇದರ ಒಂದಂಶ ಸೇರುವುದು.

ಬರೀ ಮಾತು ತಿದ್ದುವ ನಿಯಮ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾ ಕಣ್ಣೆದುರಿಗಿದೆ. ಪುಟದಲ್ಲಿ ಒಂದು ಸಾಲು ಜಾಸ್ತಿ ಆಗುತ್ತದೆ, ಗೇಮ್ ಸಾಯುವುದು ನಿಲ್ಲುವುದಿಲ್ಲ. ಎಷ್ಟು ವರ್ಷ ಖಚಿತವಾಗಿ ಓಡುತ್ತದೆ ಎಂದು ಡಬ್ಬಿಯ ಮೇಲೆ ಬರೆಯಿಸಿದರೆ ಪರಿಣಾಮ ದೊಡ್ಡದು. ದಿನಾಂಕ ಕಂಡವರು ಬೆಲೆ ಜಾಸ್ತಿ ಆಯಿತು ಎನ್ನುತ್ತಾರೆ. ಆಗ ಕಂಪನಿ ಬೆಲೆ ಇಳಿಸಬೇಕು, ಇಲ್ಲವೇ ದಿನಾಂಕ ಮುಂದಕ್ಕೆ ಹಾಕಬೇಕು. ಕೊನೆಗೆ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎಂದು ಕಡ್ಡಾಯ ಮಾಡಿದರೆ, ಗೇಮ್ ಕಟ್ಟುವ ಮೊದಲ ದಿನದಿಂದಲೇ ಅದರ ಕೊನೆಯ ದಿನಕ್ಕೂ ನಕ್ಷೆ ಹಾಕಬೇಕಾಗುತ್ತದೆ. ಮೊದಲೇ ಹಾಕಿದರೆ ಅದಕ್ಕೆ ಖರ್ಚು ಕಡಿಮೆ. ಒಂದು ಅಪಾಯವೂ ಇದೆ. ಮಾರಾಟಕ್ಕೆ ಇಷ್ಟೆಲ್ಲ ಹೊಣೆ ಬಂದರೆ ಕಂಪನಿಗಳು ಮಾರುವುದನ್ನೇ ಬಿಟ್ಟು ತಿಂಗಳ ಚಂದಾದ ಕಡೆಗೆ ಇನ್ನಷ್ಟು ವಾಲಬಹುದು. ಅದು ಪ್ರಾಮಾಣಿಕ ಬಾಡಿಗೆ, ನಿಜ. ಆದರೆ ಕೊಂಡು ಇಟ್ಟುಕೊಳ್ಳುವ ಆಯ್ಕೆಯೇ ಇಲ್ಲವಾದರೆ ಅದು ನಷ್ಟ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ 87% ಇಂದು ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತ್ತು. ಅವು ಉಳಿದಿರುವುದು ಯಾರೋ ಕೊಂಡು ಇಟ್ಟುಕೊಂಡಿದ್ದರಿಂದ.

ಯುರೋಪಿನ ನಿಯಮದಿಂದ ನಮಗೇನು ಬಂತು ಎಂದು ಕೇಳಬಹುದು. ಫೋನ್ ಚಾರ್ಜರ್ ನೆನಪಿಸಿಕೊಳ್ಳಿ. ಎಲ್ಲ ಫೋನಿಗೂ ಟೈಪ್-ಸಿ ಇರಬೇಕೆಂದು ನಿಯಮ ಮಾಡಿದ್ದು ಯುರೋಪ್, ಅದು ಜಾರಿಗೆ ಬಂದಿದ್ದು 2024ರ ಡಿಸೆಂಬರ್‌ನಲ್ಲಿ. ಆಪಲ್ ಒಂದೊಂದು ದೇಶಕ್ಕೆ ಒಂದೊಂದು ಫೋನ್ ಮಾಡಲಿಲ್ಲ, 2023ರ ಸೆಪ್ಟೆಂಬರ್‌ನಲ್ಲೇ ಐಫೋನ್ 15ಕ್ಕೆ ಎಲ್ಲ ಕಡೆ ಟೈಪ್-ಸಿ ಹಾಕಿತು. ಗೇಮ್ ವಿಷಯದಲ್ಲೂ ಹಾಗೆಯೇ. ಯುರೋಪಿಗೆಂದು ಆಫ್‌ಲೈನ್ ಅಪ್‌ಡೇಟ್ ಮಾಡಿದರೆ, ಅದೇ ಫೈಲ್ ಹುಬ್ಬಳ್ಳಿಗೂ ಬರುತ್ತದೆ.

ಅಲ್ಲಿಯವರೆಗೆ ಕೊಳ್ಳುವ ಮೊದಲು ನೋಡಬೇಕಾದ್ದು ಹೆಚ್ಚೇನಿಲ್ಲ. ಒಬ್ಬರೇ ಆಡುವ ಗೇಮ್ ಆಗಿದ್ದರೂ ಇಂಟರ್‌ನೆಟ್ ಕಡ್ಡಾಯ ಎಂದು ಅಂಗಡಿಯ ಪುಟದಲ್ಲಿ ಬರೆದಿದೆಯೇ ನೋಡಿ. ಬರೆದಿದ್ದರೆ ಅದನ್ನು ಬಾಡಿಗೆ ಎಂದು ತಿಳಿದು, ಬಾಡಿಗೆಯ ಬೆಲೆಗೆ ಸಿಕ್ಕಾಗ ಮಾತ್ರ ತೆಗೆದುಕೊಳ್ಳಿ. ಪಿಸಿಯಲ್ಲಿ ಆಡುವವರಿಗೆ ಜಿಒಜಿ ಎಂಬ ಅಂಗಡಿ ಇದೆ. ಅಲ್ಲಿ ಸ್ಟೀಮ್‌ನಷ್ಟು ಗೇಮ್‌ಗಳಿಲ್ಲ. ಆದರೆ ಕೊಂಡ ಗೇಮ್‌ನ ಇನ್‌ಸ್ಟಾಲರ್ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ನಾಳೆ ಆ ಅಂಗಡಿಯೇ ಮುಚ್ಚಿದರೂ ಆ ಫೈಲ್ ತೆರೆಯುತ್ತದೆ.